ಅರ್ಧ ತುಂಬಿದ ಅರ್ಜಿ ಮತ್ತು ಮೂರು ಬ್ರೌಸರ್‌ಗಳು

ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಮಾತು: "ಮಾಸ್ತರ, ಯಾವ ಬ್ರೌಸರ್ ಚಲೋರಿ?" ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾವ ಚಪ್ಪಲಿ ಚಲೋ ಎಂದು ಕೇಳಿದ ಹಾಗಾಯಿತು ಅದು. ಯಾರ ಕಾಲಿಗೆ, ಯಾವ ದಾರಿಗೆ ಎಂದು ಹೇಳದೆ ಕೇಳಿದರೆ ಏನು ಹೇಳಲಿ? ಆದರೂ ನನ್ನ ನೌಕರಿಯ ಕೊನೆಯ ವರ್ಷವೆಲ್ಲ ಇದೇ ಪ್ರಶ್ನೆಯ ಬೆನ್ನು ಹತ್ತಿ ಕಳೆಯಿತು. ಆ ವರ್ಷದ ಬಗ್ಗೆ ನನಗೆ ಹೆಮ್ಮೆ ಇದೆ. ಇದ್ದ ಹೆಮ್ಮೆಯನ್ನು ಇಲ್ಲ ಎನ್ನುವ ವಯಸ್ಸು ನನ್ನದಲ್ಲ.

ನಾನು ಮಹಬೂಬ್ ಅಲಿ, ಶಹಾಪುರದವನು. ಹರೆಯದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಹಾಗಾಗಿ ಕೊನೆಯ ತನಕ ಎಲ್ಲರಿಗೂ ಮಾಸ್ತರನಾಗಿಯೇ ಉಳಿದೆ. ಆಮೇಲೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೇಂದ್ರಗಳನ್ನು ನಡೆಸುತ್ತಿದ್ದ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಆ ಕೇಂದ್ರಗಳ ಕಂಪ್ಯೂಟರುಗಳೆಲ್ಲ ನನ್ನ ಉಸ್ತುವಾರಿ. ಬಡ್ತಿಯ ಕಥೆ ಬಿಡಿ. ಬಂತು, ಮನೆಯಲ್ಲಿ ಸಿಹಿ ಮಾಡಿದರು, ಮುಗಿಯಿತು. ನೆನಪಿನಲ್ಲಿ ಉಳಿದದ್ದು ದೇವಾಪುರದ ನಾಗಮ್ಮನ ಅರ್ಜಿ.

ನಾಗಮ್ಮ ಮದುವೆಯಾದ ಮೇಲೆ ಹಟ ಹಿಡಿದು ಪದವಿ ಮುಗಿಸಿದ ಹೆಣ್ಣುಮಗಳು. ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಬೇಕೆಂಬುದು ಆಕೆಯ ಆಸೆ. ನಾನು ಹೇಳುವ ವರ್ಷದ ಹಿಂದಿನ ವರ್ಷ, ಅರ್ಜಿಯ ಕೊನೆಯ ದಿನ ಆಕೆ ನಮ್ಮ ಸುರಪುರದ ಕೇಂದ್ರಕ್ಕೆ ಬಂದಿದ್ದಳು. ಅರ್ಜಿ ಮುಕ್ಕಾಲು ತುಂಬಿದ್ದಾಗ ಬ್ರೌಸರ್ ಗಪ್ಪನೆ ನಿಂತುಬಿಟ್ಟಿತು. ಮೌಸ್ ಅಲ್ಲಾಡಿಸಿದರೂ ಇಲ್ಲ, ಕೀಲಿ ಒತ್ತಿದರೂ ಇಲ್ಲ. ಆ ದಿನಗಳಲ್ಲಿ ನಮ್ಮ ವಿದ್ಯೆಯೆಲ್ಲ ಒಂದೇ ಮಾತಿನದು: ಬಂದ್ ಮಾಡಿ ಮತ್ತೆ ಚಾಲೂ ಮಾಡು. ಹಾಗೆ ಮಾಡುವಷ್ಟರಲ್ಲಿ ವೇಳೆ ಮೀರಿತು. ನಾನು ಅಲ್ಲಿಗೆ ಬಂದಾಗ ಆಕೆ ಬೆಂಚಿನ ಮೇಲೆ ಕೂತಿದ್ದಳು.

"ಯಾರಿಗೂ ಏನೂ ಅನ್ನಂಗಿಲ್ರಿ ಸರ," ಎಂದಳು. "ಆದ್ರ ನನಗ ಇನ್ನ ಮುಂದಿನ ವರ್ಷದ್ದು ಒಂದ ಚಾನ್ಸ್ ಉಳದೈತಿ. ಅದರ ಮ್ಯಾಲ ವಯಸ್ಸು ಮೀರತೈತಿ."

"ಮುಂದಿನ ವರ್ಷ ನಿನ್ನ ಅರ್ಜಿ ಹೋಗೇ ಹೋಗತದವ್ವ. ನಾ ನೋಡ್ಕೋತೀನಿ," ಎಂದೆ.

ಬಾಯಿಂದ ಬಂದ ಮಾತು ಬಂದೇ ಹೋಯಿತು. ಏನು ನೋಡಿಕೊಳ್ಳುವುದು ಎಂದು ಬಸ್ಸಿನಲ್ಲಿ ಕೂತ ಮೇಲೆ ಯೋಚಿಸಿದೆ. ಕಂಪ್ಯೂಟರ್ ಹಳೆಯದೆಂದು ಹೊಸದು ಕೊಡುವವರು ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಒಂದೇ, ಅದರೊಳಗೆ ಯಾವ ಬ್ರೌಸರ್ ಓಡಬೇಕು ಎಂಬುದು. ಅದುವರೆಗೆ ಮೂರು ಕೇಂದ್ರಗಳಲ್ಲೂ ಯಾರಿಗೆ ಯಾವುದು ರೂಢಿಯೋ ಅದನ್ನೇ ಬಳಸುತ್ತಿದ್ದರು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದವರೇ ಇರಲಿಲ್ಲ.

ನಮ್ಮಲ್ಲಿ ಇದ್ದದ್ದು ಮೂರು ಬ್ರೌಸರ್. ಅವುಗಳ ನಿಜವಾದ ಹೆಸರು ಬರೆಯುವುದಿಲ್ಲ. ಆ ಕಂಪನಿಗಳು ಮೂರು ದಿನಕ್ಕೊಮ್ಮೆ ತಮ್ಮ ಮಾಲು ತಿದ್ದುತ್ತವೆ. ಇವತ್ತು ನಾನು ಬೈದದ್ದು ನಾಳೆ ಸುಳ್ಳಾಗುತ್ತದೆ. ಸುರಪುರ ಕೇಂದ್ರದ ಆಪರೇಟರ್ ಶರಣಮ್ಮ ಅವಕ್ಕೆ ಇಟ್ಟ ಹೆಸರನ್ನೇ ಹೇಳುತ್ತೇನೆ. ಬೇಗ ಓಡುತ್ತಿದ್ದ, ಆದರೆ ಮೆಮೊರಿ ಬಕಬಕ ತಿನ್ನುತ್ತಿದ್ದದ್ದು ಸರದಾರ. ಕಡಿಮೆ ಮೆಮೊರಿಯಲ್ಲಿ, ಕಡಿಮೆ ಬ್ಯಾಟರಿಯಲ್ಲಿ ಸಂಸಾರ ತೂಗಿಸುತ್ತಿದ್ದದ್ದು ಕಂಜೂಸ್. ತೆರೆಯುವಾಗ ನರಳಿ ನರಳಿ ಏಳುತ್ತಿದ್ದದ್ದು ಅಜ್ಜ.

ಶರಣಮ್ಮ ಸುರಪುರದ ಕಿರಾಣಿ ಅಂಗಡಿಯವರ ಮಗಳು. ಮಾತು ಒರಟು, ಕೈ ಚುರುಕು. ನನಗೂ ಅವಳಿಗೂ ದಿನಾ ಜಗಳ, ದಿನಾ ಚಹಾ.

ಮೊದಲು ವೇಗ ನೋಡಿದೆ. ಒಂದೇ ಕಂಪ್ಯೂಟರ್, ಒಂದೇ ಅರ್ಜಿ ಪುಟ, ಒಂದಾದ ಮೇಲೆ ಒಂದು ಬ್ರೌಸರ್. ಸರದಾರ ಗೆದ್ದ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಿಗ್ಗೆ ಇಂಟರ್ನೆಟ್ ಖಾಲಿ ಇದ್ದಾಗ ಗೆದ್ದವನು ಮಧ್ಯಾಹ್ನ ಊರೆಲ್ಲ ಮೊಬೈಲ್ ಹಿಡಿದು ಕೂತಾಗ ಎಲ್ಲರ ಜೊತೆ ತೆವಳುತ್ತಿದ್ದ. ನಮ್ಮ ಊರುಗಳಲ್ಲಿ ಅರ್ಜಿದಾರರು ಬರುವುದೇ ಮಧ್ಯಾಹ್ನ, ಹಳ್ಳಿಯಿಂದ ಬಸ್ಸು ಇಳಿದ ಮೇಲೆ. ಆದ್ದರಿಂದ ಜನ ಯಾವಾಗ ಬರುತ್ತಾರೋ ಆಗಲೇ ಪರೀಕ್ಷೆ ಮಾಡಬೇಕೆಂಬುದು ನಾನು ಕಲಿತ ಮೊದಲ ಪಾಠ.

ಬ್ಯಾಟರಿಯದ್ದು ಬೇರೆ ಮೋಜು. ರಾಮಸಮುದ್ರದಲ್ಲಿ ನಮ್ಮದೊಂದು ಶಿಬಿರ ಇತ್ತು. ಶಾಲೆಯ ಪಡಸಾಲೆಯಲ್ಲಿ ಒಂದೇ ಮಾದರಿಯ ಮೂರು ಲ್ಯಾಪ್‌ಟಾಪ್ ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ಬ್ರೌಸರ್ ಹಾಕಿ, ಕರೆಂಟಿನ ವೈರು ಕಿತ್ತು ಕೆಲಸ ಶುರು ಮಾಡಿದೆವು. ಸರದಾರ ಮೊದಲು ಮಲಗಿದ, ಹಿಂದೆಯೇ ಅಜ್ಜ. ಕಂಜೂಸ್ ಮಾತ್ರ ಸಾಯಂಕಾಲದ ತನಕ ಗಟ್ಟಿಯಾಗಿ ನಿಂತ. ಇಷ್ಟೊಂದು ಅಂತರವೇ ಎಂದು ನನಗೆ ಬಹಳ ಖುಷಿ. ಸಾಮಾನು ಕಟ್ಟುವಾಗ ನೋಡುತ್ತೇನೆ, ಕಂಜೂಸಿನ ಲ್ಯಾಪ್‌ಟಾಪ್ ಇದ್ದದ್ದು ನೀರಿನ ಗಡಿಗೆಗಳ ಪಕ್ಕ. ಬೇಸಿಗೆ ನೋಡಿ, ಅಡುಗೆಯ ಅಮ್ಮ ಗಡಿಗೆಗಳ ಕೆಳಗೆ ಹಸಿ ಉಸುಕು ಹಾಸಿ, ಸುತ್ತ ಒದ್ದೆ ಗೋಣಿತಟ್ಟು ಸುತ್ತಿದ್ದಳು. ಅದು ತಂಪಿನಲ್ಲಿ ಕೂತಿತ್ತು. ಸರದಾರನ ಬೆನ್ನಿಗೆ ಬಿಸಿಲು ಕಾದ ಗೋಡೆ.

"ಮಾಸ್ತರ, ಪಾಸಾಗಿದ್ದು ಬ್ರೌಸರ್ ಅಲ್ರಿ, ಗಡಿಗಿ," ಎಂದು ಅಡುಗೆಯಮ್ಮ ನಕ್ಕಳು. ಮರುದಿನ ಜಾಗ ಅದಲುಬದಲು ಮಾಡಿ ಮತ್ತೆ ನೋಡಿದೆವು. ಕಂಜೂಸೇ ಗೆದ್ದ, ಆದರೆ ಕೂದಲೆಳೆಯಲ್ಲಿ. ಯಾದಗಿರಿ ಬಿಸಿಲಿನಲ್ಲಿ ಪರೀಕ್ಷೆ ಮಾಡುವವರು ನೆರಳನ್ನೂ ಸಮಪಾಲು ಹಂಚಬೇಕು.

ನನ್ನ ಹೆಂಡತಿಗೆ ಈ ಕೆಲಸ ಸೇರುತ್ತಿರಲಿಲ್ಲ. ರಜೆಯ ದಿನವೂ ಮೂರು ಲ್ಯಾಪ್‌ಟಾಪ್ ಚಾಪೆಯ ಮೇಲೆ ಹರಡಿಕೊಂಡು ಕೂತರೆ "ಕ್ಯಾ ಜೀ, ಘರ್ ಹೈ ಕಿ ದಫ್ತರ್?" ಎನ್ನುತ್ತಿದ್ದಳು. ಮನೆಯೂ ಹೌದು, ಕಚೇರಿಯೂ ಹೌದು ಎಂದು ನಾನು ಉತ್ತರ ಕೊಟ್ಟರೆ ಊಟದ ತಟ್ಟೆ ಲ್ಯಾಪ್‌ಟಾಪಿನ ಮೇಲೆಯೇ ಬರುವ ಲಕ್ಷಣ ಕಾಣುತ್ತಿತ್ತು.

ಮೆಮೊರಿಯ ಪರೀಕ್ಷೆಯಲ್ಲಿ ನಾನು ಸಿಕ್ಕಿಬಿದ್ದೆ. ಯಾದಗಿರಿ, ಶಹಾಪುರ ಎರಡೂ ಕಡೆ ಲೆಕ್ಕ ಒಂದೇ ಥರ ಬಂತು: ಸರದಾರ ಹೆಚ್ಚು ತಿನ್ನುತ್ತಾನೆ, ಕಂಜೂಸ್ ಕಡಿಮೆ, ಅಜ್ಜ ನಡುವೆ. ಸುರಪುರದ ಲೆಕ್ಕ ಮಾತ್ರ ತಲೆಕೆಳಗು. ಅಲ್ಲಿ ಯಾವ ಬ್ರೌಸರ್ ಹಾಕಿದರೂ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಹಿಂದಿನ ವರ್ಷ ನಾಗಮ್ಮನ ಅರ್ಜಿ ನುಂಗಿದ್ದೂ ಅದೇ ಕಂಪ್ಯೂಟರ್. ಅಲ್ಲೇನೋ ಗುಟ್ಟಿದೆ ಎಂದು ಒಂದು ದಿನ ಹೇಳದೆ ಕೇಳದೆ ಹೋದೆ.

ಹೋಗಿ ನೋಡಿದರೆ ಶರಣಮ್ಮನ ಪರದೆಯ ಮೇಲೆ ಟ್ಯಾಬುಗಳ ಸಾಲು. ಎಷ್ಟೆಂದರೆ ಒಂದರ ಹೆಸರೂ ಓದಲು ಬರುತ್ತಿರಲಿಲ್ಲ. ಪುಟದ ಮೇಲೆ ಪುಟ, ಎಲ್ಲ ತೆರೆದೇ ಇದ್ದವು.

"ಏನವ್ವ ಇದು, ಸಂತಿ ನೆರೆಸಿದಿ?" ಎಂದು ರೇಗಿದೆ. "ಇಷ್ಟು ತೆಗೆದಿಟ್ರ ಯಾವ ಮಶೀನ್ ತಡೀತದ? ಮುಚ್ಚು ಎಲ್ಲ." ಮೌಸಿಗೆ ಕೈ ಹಾಕಿದೆ.

ಅವಳು ನನ್ನ ಕೈ ಸರಿಸಿದಳು. "ಮುಟ್ಟಬ್ಯಾಡ್ರಿ ಮಾಸ್ತರ. ಇವೆಲ್ಲ ಗಿರಾಕಿ ಅದಾವು."

"ಎಂಥ ಗಿರಾಕಿ? ಎದುರಿಗಿ ಇರೋದು ಒಬ್ಬರೇ."

"ಉಳದೋರು ಕಾಗದ ತರಾಕ ಹೋಗ್ಯಾರ್ರಿ. ಒಬ್ಬರು ಝೆರಾಕ್ಸಿಗಿ, ಒಬ್ಬರು ಫೋಟೋಕ್ಕ, ಒಬ್ಬರು ಊರಿಗೇ ಹೋಗ್ಯಾರ. ನಮ್ಮ ಅಪ್ಪನ ಅಂಗಡ್ಯಾಗ ಒಂದು ರೀತಿ ಐತ್ರಿ. ಗಿರಾಕಿಗಂತ ತೂಗಿದ್ದು, ಅವ ಚೀಲ ತರಾಕ ಹೋದ್ರ, ತಿರುಗಿ ಮೂಟಿಗಿ ಸುರುವಂಗಿಲ್ಲ. ಸಂಜೀ ದೀಪ ಹಚ್ಚೋ ತನಕ ಕಟ್ಟೀ ಮ್ಯಾಲ ಹಂಗ ಇರಬೇಕು. ಬರ್ತೀನಿ ಅಂದು ಹೋದವ ಬಂದ ಬರ್ತಾನ."

ಇಷ್ಟು ಹೇಳುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರು, ಕೈಯಲ್ಲಿ ಬಿಸಿ ಝೆರಾಕ್ಸ್. ಶರಣಮ್ಮ ಸಾಲಿನಲ್ಲಿ ಒಂದು ಟ್ಯಾಬ್ ಒತ್ತಿದಳು. ಅದು ಹೇಗೆ ಗುರುತು ಹಿಡಿದಳೋ ಅವಳಿಗೇ ಗೊತ್ತು. ಅವರ ಅರ್ಜಿ ಬಿಟ್ಟಲ್ಲಿಂದಲೇ ಮುಂದುವರಿದು, ನಾನು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಅವರು ಖುಷಿಯಿಂದ ಹೋದರು.

ಅವತ್ತು ನನಗೆ ಹೊಳೆದದ್ದೇ ನನ್ನ ವೃತ್ತಿಯ ದೊಡ್ಡ ಸಂಪಾದನೆ. ಬ್ರೌಸರುಗಳನ್ನು ಹೋಲಿಸುವವರೆಲ್ಲ ನೋಡುವುದು ಕಣ್ಣ ಮುಂದಿನ ಪುಟವನ್ನು: ಎಷ್ಟು ಬೇಗ ತೆರೆಯಿತು, ಎಷ್ಟು ಮೆಮೊರಿ ತಿಂದಿತು. ನಮ್ಮ ಕಡೆಯ ಕೆಲಸ ನಡೆಯುವುದು ಕಾಯುವ ಪುಟಗಳ ಮೇಲೆ. ಇಲ್ಲಿ ಯಾರೂ ಎಲ್ಲ ಕಾಗದ ಒಟ್ಟಿಗೆ ಹಿಡಿದು ಬರುವುದಿಲ್ಲ. ಬಂದ ಮೇಲೆಯೇ ಗೊತ್ತಾಗುವುದು, ಇನ್ನೊಂದು ಬೇಕೆಂದು. ಅರ್ಧ ತುಂಬಿದ ಅರ್ಜಿಯನ್ನು ಯಾವ ಬ್ರೌಸರ್ ಕೆಡಿಸದೆ ಕಾದಿಡುತ್ತದೆ ಎಂದು ನೋಡಬೇಕಿತ್ತು. ಅದನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆದಿರಲಿಲ್ಲ.

ಹೊಸ ಪರೀಕ್ಷೆ ಶರಣಮ್ಮನ ಕಂಪ್ಯೂಟರಿನಲ್ಲೇ ನಡೆಯಿತು. ಅರ್ಜಿ ಅರ್ಧ ತುಂಬುವುದು, ಅದರ ಮೇಲೆ ಬೇರೆ ಪುಟಗಳನ್ನು ಪೇರಿಸುವುದು, ನಾನು ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿ ಊಟ ಮಾಡಿ ಬಂದು ಮೊದಲ ಪುಟ ಮುಟ್ಟಿ ನೋಡುವುದು. ಸರದಾರ ಪುಟಗಳನ್ನು ಹಿಡಿದಿಟ್ಟ, ಆದರೆ ಮಶೀನಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿ, ಕೊನೆಗೆ ಎಲ್ಲವನ್ನೂ ಹೊತ್ತುಕೊಂಡೇ ಬಿದ್ದ. ಕಂಜೂಸ್ ಬೀಳಲಿಲ್ಲ. ಅವನ ಗುಟ್ಟು ಆಗ ತಿಳಿಯಿತು. ಯಾವ ಪುಟವನ್ನು ಬಹಳ ಹೊತ್ತು ಮುಟ್ಟಲಿಲ್ಲವೋ ಅದನ್ನು ಅವನು ಮೆಮೊರಿಯಿಂದ ಸದ್ದಿಲ್ಲದೆ ಹೊರಗೆ ಹಾಕುತ್ತಿದ್ದ. ಮುಟ್ಟಿದರೆ ಪುಟ ಹೊಸದಾಗಿ ತೆರೆಯುತ್ತಿತ್ತು, ತುಂಬಿದ್ದೆಲ್ಲ ಖಾಲಿ. ಅಜ್ಜ ಮಾತ್ರ ನರಳುತ್ತ ನರಳುತ್ತ ಒಂದಕ್ಷರವೂ ಕಳೆಯದೆ ಹಿಡಿದುಕೊಂಡಿದ್ದ.

"ಹಿರ್ಯಾರು ಅಂದ್ರ ಹಿರ್ಯಾರು ನೋಡ್ರಿ," ಎಂದಳು ಶರಣಮ್ಮ.

ಅಷ್ಟರಲ್ಲಿ ನಮ್ಮ ಸಂಸ್ಥೆಯ ಮುಖ್ಯ ಕಚೇರಿಯಿಂದ ಕಾಗದ ಬಂತು: ಎಲ್ಲ ಕೇಂದ್ರಗಳಲ್ಲೂ ಕಂಜೂಸನ್ನೇ ಹಾಕಬೇಕು, ಮೆಮೊರಿ, ಬ್ಯಾಟರಿ ಎರಡರಲ್ಲೂ ಅದೇ ಮುಂದು. ಅವರ ಮಾತು ಸುಳ್ಳಲ್ಲ, ನನ್ನ ಲೆಕ್ಕವೂ ಹಾಗೇ ಇತ್ತು. ಆದರೆ ನಾಗಮ್ಮನ ಕೊನೆಯ ಅವಕಾಶ ಎದುರಿಗಿತ್ತು. ನಾನು ಯಾದಗಿರಿಗೆ ಹೋಗಿ ನಮ್ಮ ಮೇಲಧಿಕಾರಿ ಕುಲಕರ್ಣಿ ಸಾಹೇಬರ ಮುಂದೆ ಕೂತೆ. ಅವರು ಕಡಿಮೆ ಮಾತಿನವರು, ಎದುರಿಗಿದ್ದವರ ಮಾತು ಮುಗಿಯುವ ತನಕ ಕೇಳುವವರು. ಅಂಥ ಮೇಲಧಿಕಾರಿ ಸಿಗುವುದು ಪುಣ್ಯ. ಶಿಬಿರದ ಲ್ಯಾಪ್‌ಟಾಪುಗಳಿಗೆ ಕಂಜೂಸ್ ಇರಲಿ, ಅಲ್ಲಿ ಬ್ಯಾಟರಿ ಮುಖ್ಯ, ಒಂದು ಅರ್ಜಿ ಮುಗಿಸಿಯೇ ಇನ್ನೊಂದು ಹಿಡಿಯೋಣ. ಕೇಂದ್ರದ ಕಂಪ್ಯೂಟರುಗಳಿಗೆ ಮಾತ್ರ ಅಜ್ಜನೇ ಬೇಕು ಎಂದೆ. ಅವರ ಮೇಜಿನ ಕಂಪ್ಯೂಟರಿನಲ್ಲೇ ಖಾಲಿಯಾದ ಅರ್ಜಿಯನ್ನೂ ತೋರಿಸಿದೆ.

"ನೀವು ಹೇಳೋದು ಖರೆ ಅದ," ಎಂದರು. "ಆದ್ರ ಕಾಗದ ಬಂದದಲ್ರಿ. ಸುರಪುರ ಒಂದು ನಿಮಗ ಬಿಡತೀನಿ. ಅಲ್ಲೇನರ ಎಡವಟ್ಟಾತು ಅಂದ್ರ ನನ್ನ ಕಡೆ ನೋಡಬ್ಯಾಡ್ರಿ."

"ನೋಡಂಗಿಲ್ರಿ. ಇನ್ನೊಂದು ಕೇಳಲೇನ್ರಿ? ಸುರಪುರದ ಮಶೀನಿಗಿ ಮೆಮೊರಿ ಸಾಲವಲ್ದು. ನಿಮ್ಮ ಕಂಪ್ಯೂಟರಿನ್ಯಾಗ ಎರಡು ರ್‍ಯಾಮ್ ಅದಾವ. ನೀವು ನೋಡೋದು ಈಮೇಲ್ ಒಂದೇ."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ, "ಬಿಚ್ಚಿಕೊಂಡು ಹೋಗ್ರಿ," ಎಂದರು. ಮೇಲಧಿಕಾರಿಯ ಕಂಪ್ಯೂಟರಿನಿಂದ ರ್‍ಯಾಮ್ ಕಿತ್ತು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ ನೌಕರ ನಮ್ಮ ಸಂಸ್ಥೆಯಲ್ಲಿ ನಾನೊಬ್ಬನೇ ಇರಬೇಕು.

ವಾರ್ಡನ್ ಹುದ್ದೆಗೆ ಅರ್ಜಿ ಕರೆದದ್ದು ಮಳೆಗಾಲದಲ್ಲಿ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲದೆ ನಾಗಮ್ಮನಿಗೆ ಮೊದಲೇ ಬರಲಾಗಲಿಲ್ಲ. ಈ ಸಲವೂ ಬಂದದ್ದು ಕೊನೆಯ ದಿನವೇ. ನಾನು ಬೆಳಿಗ್ಗೆಯೇ ಸುರಪುರಕ್ಕೆ ಹೋಗಿ ಕೂತಿದ್ದೆ. ಆ ಅರ್ಜಿಯನ್ನು ಅರ್ಧಕ್ಕೆ ಉಳಿಸಿಡುವ ಸೌಲಭ್ಯ ಇರಲಿಲ್ಲ, ಒಂದೇ ಸಲಕ್ಕೆ ತುಂಬಿ ಕಳಿಸಬೇಕು. ಶರಣಮ್ಮ ಎಲ್ಲ ತುಂಬಿದಳು. ಕೊನೆಗೆ ಪದವಿ ಪ್ರಮಾಣಪತ್ರ ಏರಿಸುವಾಗ ನೋಡಿದರೆ, ನಾಗಮ್ಮ ತಂದದ್ದು ಝೆರಾಕ್ಸ್, ಅದೂ ಮಸುಕು. ಮೂಲಪತ್ರ ದೇವಾಪುರದಲ್ಲಿ, ಮನೆಯ ಟ್ರಂಕಿನಲ್ಲಿ.

"ಹೋಗಿ ತಗೊಂಡು ಬಾ ಅಕ್ಕ, ನಿನ್ನ ಪುಟ ಇಲ್ಲೇ ಇರತೈತಿ," ಎಂದಳು ಶರಣಮ್ಮ. ನಾಗಮ್ಮ ಓಡಿದಳು.

ಆಕೆ ಹೋದ ಮೇಲೆ ಮಳೆ ಹಿಡಿಯಿತು. ಹಳ್ಳ ತುಂಬಿ ಬಸ್ಸು ನಿಂತಿದೆ ಎಂದು ಸುದ್ದಿ ಬಂತು. ಇತ್ತ ಕೊನೆಯ ದಿನದ ನೂಕುನುಗ್ಗಲಿಗೆ ಆ ಜಾಲತಾಣ ಹೊಸಬರನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿತು. ಪಕ್ಕದ ಕಂಪ್ಯೂಟರಿನಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಪುಟ ತೆರೆಯಲಿಲ್ಲ. ಮೊದಲೇ ಒಳಗಿದ್ದವರಿಗೆ ಮಾತ್ರ ತೊಂದರೆ ಇರಲಿಲ್ಲ. ಅಂದರೆ ನಾಗಮ್ಮನ ವಾರ್ಡನ್‌ಗಿರಿ ಆಗ ಉಳಿದದ್ದು ಶರಣಮ್ಮನ ಪರದೆಯ ಆ ಒಂದು ಟ್ಯಾಬಿನಲ್ಲಿ. ಅದು ಹೋದರೆ ಆಕೆಗೆ ಮತ್ತೊಂದು ವರ್ಷ ಇರಲಿಲ್ಲ.

ಆಗ ಕರೆಂಟು ಹೋಯಿತು.

ಇನ್ವರ್ಟರ್ ಇತ್ತು, ಆದರೆ ಹಳೆಯದು. ನಾನು ಎದ್ದು ಎರಡೂ ಫ್ಯಾನು ಆರಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಪ್ರಿಂಟರಿನ ವೈರು ಕಿತ್ತೆ, ಪಕ್ಕದ ಕಂಪ್ಯೂಟರ್ ಬಂದ್ ಮಾಡಿದೆ. ಶರಣಮ್ಮನ ಪರದೆಯ ಬೆಳಕು ಕಣ್ಣಿಗೆ ಕಾಣುವಷ್ಟಕ್ಕೆ ಇಳಿಸಿದೆ. ಒಳಗೆ ಕಾಯುತ್ತಿದ್ದವರು ಬೆವರತೊಡಗಿದರು.

"ಈ ಮಾಸ್ತರ ನಮ್ಮನ್ನ ಕುದಿಸಾಕತ್ತಾನ," ಎಂದರು ದೋತರ ಉಟ್ಟ ಒಬ್ಬ ಹಿರಿಯರು. "ಆಕೀದು ತಗದು ನಮ್ಮದಾದ್ರೂ ಮಾಡಬಾರದಾ? ಬಂದಾಗ ಬರ್ತಾಳ."

"ಬಂದಾಗ ಬಂದ್ರ ಉಪಯೋಗಿಲ್ರಿ ಕಾಕಾ," ಎಂದು ಶರಣಮ್ಮ ವಿಷಯ ಹೇಳಿದಳು: ಹೋದ ವರ್ಷ ಹೀಗಾಯಿತು, ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ, ಈ ಪುಟ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಕಂಪ್ಯೂಟರಿನ ಡಬ್ಬಿ ಬಿಸಿಯಾಗುತ್ತಿದೆ ಎಂದು ನಾನು ಅದರ ಬದಿಯ ತಗಡು ಬಿಚ್ಚಿದಾಗ ಆ ಹಿರಿಯರೇ ಎದ್ದು ಬಂದರು. ಹೆಗಲ ಮೇಲಿನ ಟವೆಲ್ಲಿನಿಂದ ಅದಕ್ಕೆ ಗಾಳಿ ಹಾಕತೊಡಗಿದರು.

"ಹೆಣ್ಮಗಳ ಪಾಲಿಂದು ಐತಿ, ಇರಲಿ ಬಿಡು," ಎಂದರು. ಅವರ ಕೈ ಸೋತಾಗ ಇನ್ನೊಬ್ಬರು ರಟ್ಟು ಹಿಡಿದು ಬಂದರು. ಇಂಥ ಜನರ ನಡುವೆ ಕೆಲಸ ಮಾಡಿದೆ ನಾನು, ಹೆಮ್ಮೆಪಡದೆ ಹೇಗಿರಲಿ?

ನಾಗಮ್ಮ ಬಂದದ್ದು ಮೈದುನನ ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟಿಕೊಂಡು. ಸೀರೆಯೆಲ್ಲ ಕೆಸರು. ಪ್ರಮಾಣಪತ್ರ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು, ಒಂದು ಹನಿ ತಾಗಿರಲಿಲ್ಲ. ಶರಣಮ್ಮ ಅದನ್ನು ಸ್ಕ್ಯಾನ್ ಮಾಡಿದಳು. ಇನ್ವರ್ಟರ್ ಆಗಲೇ ಕೂಗಲು ಶುರು ಮಾಡಿತ್ತು. ಅವಳು ಆ ಟ್ಯಾಬ್ ಒತ್ತಿದಳು. ಪುಟ ನಿಧಾನಕ್ಕೆ ಎದ್ದಿತು. ನಾಗಮ್ಮನ ಹೆಸರು, ತಂದೆಯ ಹೆಸರು, ಊರು, ಓದು, ಎಲ್ಲ ಇಟ್ಟ ಜಾಗದಲ್ಲೇ ಇತ್ತು. ಪ್ರಮಾಣಪತ್ರ ಏರಿತು. ಅರ್ಜಿ ಸಲ್ಲಿಕೆಯಾಯಿತು. ಸ್ವೀಕೃತಿ ಸಂಖ್ಯೆ ಪರದೆಯ ಮೇಲೆ ಬಂದಾಗ ಗಾಳಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ನಾಗಮ್ಮ ಆ ಸಂಖ್ಯೆಯನ್ನು ಬಾಯಿಬಿಟ್ಟು ಓದಿ, ಬೆಂಚಿನ ಮೇಲೆ ಕೂತು ಅತ್ತಳು. ನನಗೂ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಈ ಸುದ್ದಿ ಕುಲಕರ್ಣಿ ಸಾಹೇಬರಿಗೆ ಹೇಗೆ ಮುಟ್ಟಿತೋ, ಆ ವಾರವೇ ಫೋನು ಮಾಡಿದರು. "ಮಹಬೂಬ್, ಉಳದ ಎರಡೂ ಊರಿಗಿ ಅದನ್ನ ಹಾಕ್ರಿ. ಮುಖ್ಯ ಕಚೇರಿಗಿ ಕಾಗದ ನಾ ಬರೀತೀನಿ." ಬರೆದರು ಕೂಡ. ನಾನು ಮಾಡಿದ ಪರೀಕ್ಷೆಯನ್ನು ನನ್ನ ಹೆಸರಿನಲ್ಲೇ ಬರೆದರು, ತಮ್ಮದೆಂದು ಹೇಳಿಕೊಳ್ಳಲಿಲ್ಲ.

ಹೊಸಬರಿಗೆ ಒಂದು ಮಾತು. ಅಜ್ಜ ಚಲೋ ಎಂದು ಮಾಸ್ತರ ಬರೆದಿದ್ದಾನೆಂದು ಅದನ್ನೇ ಹುಡುಕಿಕೊಂಡು ಹೋಗಬೇಡಿ. ಈಗ ಕಂಜೂಸಿನಲ್ಲಿ, ಬೇಕಾದ ಪುಟವನ್ನು ಮಲಗಿಸಬೇಡ ಎಂದು ಹೇಳುವ ಅನುಕೂಲ ಬಂದಿದೆ, ಸರದಾರನೂ ಮೊದಲಿನಷ್ಟು ತಿನ್ನುವುದಿಲ್ಲ. ನಿಮ್ಮ ಎದುರಿಗೆ ಕೂತವರು ಹೇಗೆ ಕೆಲಸ ಮಾಡುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎಂದು ಮೊದಲು ನೋಡಿ. ಆಮೇಲೆ ಅವರ ಹೊತ್ತಿನಲ್ಲಿ, ಅವರ ಮಶೀನಿನಲ್ಲಿ ಪರೀಕ್ಷೆ ಮಾಡಿ. ಬೇರೆಯವರ ಪಟ್ಟಿ ಓದಿ ಬ್ರೌಸರ್ ಹಾಕುವುದು ಬೇರೆಯವರ ಹೊಟ್ಟೆ ನೋಡಿ ಅಡುಗೆ ಮಾಡಿದಂತೆ.

ನಾನು ನಿವೃತ್ತನಾದೆ. ಹಾರ ಹಾಕಿದರು, ಶಾಲು ಹೊದಿಸಿದರು. ಒಂದು ದಿನ ಶಹಾಪುರದ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತ ನಿಂತಾಗ ಫೋನು ಬಂತು. ನಂಬರು ಗುರುತಿನದಲ್ಲ.

"ಹಲೋ, ಹುಡುಗ್ಯಾರ ಹಾಸ್ಟೆಲಿಂದ ವಾರ್ಡನ್ ಮಾತಾಡಾಕತ್ತೇನ್ರಿ," ಎಂದಿತು ಆ ಕಡೆಯ ದನಿ. "ಇಲ್ಲಿ ಹುಡುಗ್ಯಾರ ಅರ್ಜಿ ತುಂಬೋ ಕಂಪ್ಯೂಟರ್ ಒಂದು ಐತ್ರಿ, ನಡುನಡುವ ನಿಂದರತೈತಿ. ಬಂದು ನೋಡ್ತೀರೇನ್ರಿ ಸರ?"

ದನಿ ಗುರುತು ಸಿಕ್ಕಿತು. ಹೇಳವ್ವ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಕೈಯಲ್ಲಿದ್ದ ಬದನೆಕಾಯಿ ಬುಟ್ಟಿಗೆ ಇಟ್ಟು, ಕಚೇರಿಯಲ್ಲಿ ಸಾಹೇಬರ ಎದುರು ನಿಲ್ಲುವ ಹಾಗೆ ನೆಟ್ಟಗೆ ನಿಂತೆ.

"ನಾಳೆ ಮೊದಲ ಬಸ್ಸಿಗಿ ಬರ್ತೀನ್ರಿ, ಮೇಡಂ," ಎಂದೆ.